ಹಿಂದಿನ ಸೀಟಿನ ವಾಸನೆ

ನಿಡುಗಲ್ಲಿನ ತಿಮ್ಮರಾಜು ಬಾಡಿಗೆ ಕಾರು ಓಡಿಸುವವನು. ಬಂಕಿನ ಪೈಪು ತಾನಾಗಿ ನಿಂತ ಮೇಲೂ ಅವನು ಕಾರನ್ನು ಅಲುಗಾಡಿಸಿ, ಟ್ಯಾಂಕಿನ ಕತ್ತಿನವರೆಗೆ ಪೆಟ್ರೋಲ್ ಹಾಕಿಸುತ್ತಿದ್ದ. ಹೆಂಡತಿ ಗಂಗಾಂಬಿಕಾಳ ಎರಡೂ ಕಿಡ್ನಿ ಕೆಟ್ಟ ಮೇಲೆ ಆ ಅಭ್ಯಾಸ ವ್ರತದಂತಾಯಿತು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ತುಮಕೂರಿಗೆ ಹೋಗಬೇಕು. ದಾರಿಯಲ್ಲಿ ನಿಲ್ಲಬಾರದೆಂದು ದಿನಾ ಸಂಜೆ ಪಾವಗಡಕ್ಕೆ ಹೋಗಿ ತುಂಬಿಸಿಕೊಂಡು ಬರುತ್ತಿದ್ದ.

ಅವಳು ಹಿಂದಿನ ಸೀಟಿನಲ್ಲಿ ಒರಗಿಕೊಂಡು ನಿಂಬೆಹಣ್ಣು ಮೂಸುತ್ತಾ ಬರುತ್ತಿದ್ದಳು.

"ಪೆಟ್ರೋಲ್ ವಾಸ್ನೆ ಕಣ್ರೀ, ಹೊಟ್ಟೆ ತೊಳಸ್ತೈತೆ."

"ನಂಗೆ ಬರ್ದೇ ಇರೋ ವಾಸ್ನೆ ನಿಂಗೆಂಗೆ ಬತ್ತದೆ? ನಿಂದು ಕಾಯ್ಲೆ ಮೂಗು ಕಣಮ್ಮ. ಏನಾದ್ರೂ ಕೆಟ್ಟಿದ್ರೆ ಮೀಟ್ರಲ್ಲಿ ಲೈಟ್ ಹತ್ತದೇ ಇರ್ತದಾ?"

ತನ್ನ ಪಕ್ಕದ ಗಾಜನ್ನು ಇಳಿಸಿಕೊಂಡೇ ಅವನು ಓಡಿಸುತ್ತಿದ್ದ. ಕೊನೆಕೊನೆಗೆ ಅವಳು, "ನಾನು ಬಸ್ಸಲ್ಲೇ ಬತ್ತೀನಿ" ಅಂದಳು. ಅವನು ರೇಗಿದ. ಅವಳು ಮತ್ತೆ ಕೇಳಲಿಲ್ಲ.

ಶ್ರಾವಣದಲ್ಲಿ ಅವಳು ತುಮಕೂರಿನ ಆಸ್ಪತ್ರೆಯಲ್ಲೇ ತೀರಿಕೊಂಡಳು. ಅರ್ಧ ಟ್ಯಾಂಕಿನಲ್ಲಿ ವಾಪಸು ಬಂದ ಕಾರು ಹನ್ನೊಂದು ದಿನ ಮನೆ ಮುಂದೆ ನಿಂತಿತ್ತು. ಕಾರ್ಯ ಮುಗಿಸಿ, ಪೆಟ್ರೋಲ್ ತುಂಬಿಸದೆಯೇ ಎರಡು ದಿನ ಓಡಿಸಿದ್ದೇ ತಡ, ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ಲೈಟು ಹತ್ತಿತು.

ಕೊರಟಗೆರೆಯ ಮೆಕ್ಯಾನಿಕ್ ಅಶ್ವತ್ಥ ಕಾರಿಗೆ ಯಂತ್ರ ಸಿಕ್ಕಿಸಿ ನೋಡಿದ.

"ಪೆಟ್ರೋಲ್ ಆವಿ ಎಲ್ಲೋ ಸೋರ್ತೈತಣ್ಣ. ಸೋರ್ತೈತಾ ಅಂತ ಗಾಡಿ ತಾನೇ ಪರೀಕ್ಷೆ ಮಾಡ್ಕೊಳ್ತದೆ. ಟ್ಯಾಂಕಿನ ದಾರಿಯೆಲ್ಲ ಮುಚ್ಚಿ, ಒಳಗಿನ ಗಾಳಿ ಎಳ್ದು, ಸುಮ್ನೆ ಕಾಯ್ತದೆ. ಹೊರಗಿನ ಗಾಳಿ ನುಗ್ತು ಅಂದ್ರೆ ತೂತೈತೆ ಅಂತ ಲೈಟ್ ಹತ್ತಿಸ್ತದೆ."

ತಿಮ್ಮರಾಜು ಅವನ ಮುಖವನ್ನೇ ನೋಡಿದ. "ಅಂದ್ರೆ ತೂತು ಇವಾಗ ಬಿದ್ದಿದ್ದು. ಮೊದ್ಲಿಂದ ಇದ್ದಿದ್ರೆ ಲೈಟ್ ಆಗ್ಲೇ ಹತ್ಬೇಕಿತ್ತು. ಅಲ್ವಾ?"

"ಅಂಗೇನಿಲ್ಲ. ಪರೀಕ್ಷೆ ಆಗ್ಬೇಕು ಅಂದ್ರೆ ಗಾಡಿ ನಿಂತು ತಣ್ಣಗಾಗಿರ್ಬೇಕು, ಟ್ಯಾಂಕು ಅರ್ಧ ಗಿರ್ಧ ಇರ್ಬೇಕು. ಫುಲ್ ಇದ್ರೆ ಪರೀಕ್ಷೆನೇ ಮಾಡಲ್ಲ. ನೀನೋ, ಗಾಡಿಗೆ ಬಿಕ್ಕಳಿಕೆ ಬರೋವರ್ಗೂ ಕುಡಿಸೋ ಆಸಾಮಿ!"

ತೂತು ಎಲ್ಲಿದೆಯೆಂದು ಹುಡುಕಲು ಅಶ್ವತ್ಥ ಟ್ಯಾಂಕಿನ ಪೈಪಿಗೆ ಹೊಗೆ ಬಿಟ್ಟ. ಸ್ವಲ್ಪ ಹೊತ್ತಿಗೆ ಹಿಂದಿನ ಸೀಟಿನ ಅಡಿಯಿಂದ ತೆಳ್ಳಗೆ ಬಿಳಿ ಹೊಗೆ ಎದ್ದಿತು. ಸೀಟು ಕಿತ್ತು, ಕೆಳಗಿನ ಮುಚ್ಚಳ ತೆಗೆದು ನೋಡಿದರೆ ರಬ್ಬರ್ ಪೈಪು ಬಿರುಕುಬಿಟ್ಟಿತ್ತು. ಬಿರುಕಿನೊಳಗೆ ಮಣ್ಣು ಗಟ್ಟಿಯಾಗಿ ಕೂತಿತ್ತು.

"ವರ್ಷದ ಮೇಲಾಗೈತೆ ಇದು ಒಡ್ದು. ಹಿಂದೆ ಕೂತೋರ್ಗೆ ವಾಸ್ನೆ ಮುಖಕ್ಕೇ ಹೊಡ್ದಿರ್ತದೆ. ಯಾರೂ ಹೇಳ್ಲಿಲ್ವಾ?"

ಸೀಟು ಕಿತ್ತ ಜಾಗದಲ್ಲಿ ಸಂದಿಗೆ ಉರುಳಿಬಿದ್ದ ಐದಾರು ನಿಂಬೆಹಣ್ಣು ಒಣಗಿ ಕಲ್ಲಾಗಿದ್ದವು. ತಿಮ್ಮರಾಜು ಒಂದನ್ನು ಎತ್ತಿಕೊಂಡು ಮೂಸಿದ. ಅದರಲ್ಲಿ ನಿಂಬೆಯ ವಾಸನೆ ಇರಲಿಲ್ಲ.

"ಹೇಳ್ತಿದ್ಲು," ಅಂದ. "ವಾರಕ್ಕೆರಡು ಸಲ ಹೇಳ್ತಿದ್ಲು."