ಮೊಳೆ ಆರಿಸುವ ಪಂಚರ್ ಶ್ರೀಶೈಲ

ಕಾರು ನಮ್ಮ ಮಾಲೀಕರದು, ಡೀಸೆಲ್ಲೂ ಅವರದೇ. ಟೈರಿನೊಳಗಿನ ಗಾಳಿಯೊಂದು ಮಾತ್ರ ನನ್ನ ಜವಾಬ್ದಾರಿ. ಸಿಂದಗಿಯ ಗೊಬ್ಬರದಂಗಡಿಯಲ್ಲಿ ಡ್ರೈವರ್ ಎಂದು ಸಂಬಳ ಎಣಿಸುವ ನಾನು ಅದೊಂದನ್ನೂ ನೆಟ್ಟಗೆ ನೋಡಿಕೊಂಡವನಲ್ಲ. ಆಲಮೇಲಕ್ಕೆ ಹೊರಟಿದ್ದೆ, ದಾರಿಯ ಕ್ರಾಸ್ ದಾಟುವಷ್ಟರಲ್ಲಿ ಹಿಂದಿನ ಎಡಗಾಲಿ ಕುಂಟತೊಡಗಿತು. ಇಳಿದು ಸ್ಟೆಪ್ನಿ ತೆಗೆದು ನೋಡಿದರೆ ಅದು ನನಗಿಂತ ಮೊದಲೇ ಸುಸ್ತಾಗಿ ಮಲಗಿತ್ತು. ಎದುರಿಗೇ ಶ್ರೀಶೈಲನ ಪಂಚರ್ ಅಂಗಡಿ ಕಂಡಿತು. ನನ್ನ ಪುಣ್ಯ ಅಂದುಕೊಂಡೆ. ಅವನ ಪಾಲಿಗೆ ಅದು ಏನೆಂಬುದು ಆಮೇಲೆ ತಿಳಿಯಿತು.

ಈ ದಾರಿಯಲ್ಲಿ ಓಡಾಡುವವರೆಲ್ಲ ಶ್ರೀಶೈಲನನ್ನು ಬಲ್ಲರು. ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಅವನು ಸೈಕಲ್ ಹತ್ತಿ, ಹಳೆಯ ಸ್ಪೀಕರುಗಳಿಂದ ಕಿತ್ತ ಚುಂಬಕಗಳನ್ನು ಬಿಗಿದ ಹಲಗೆಯೊಂದನ್ನು ಹಗ್ಗ ಕಟ್ಟಿ ಹಿಂದೆ ಎಳೆದುಕೊಂಡು ಹೋಗುತ್ತಾನೆ. ರಸ್ತೆಯ ಮೇಲಿನ ಮೊಳೆ, ತಂತಿಯ ಚೂರು ಎಲ್ಲ ಅದಕ್ಕೆ ಕಚ್ಚಿಕೊಳ್ಳುತ್ತವೆ. ತನ್ನ ಅನ್ನವನ್ನು ತಾನೇ ಗುಡಿಸಿ ಹಾಕುವ ವ್ಯಾಪಾರಸ್ಥನನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಗುಡಿಸದೆ ಅವನಿಗೆ ಗತಿಯಿಲ್ಲ. ಗಿರಾಕಿ ಬರಲೆಂದು ಪಂಚರ್‌ನವನೇ ಮೊಳೆ ಚೆಲ್ಲುತ್ತಾನೆ ಎಂಬ ಮಾತು ಊರ ತುಂಬ ಇದೆ. ಅಂಗಡಿಯ ಜಾಗ ಗುರುಲಿಂಗಪ್ಪ ಗೌಡರದು. ಹೋದ ವಾರ ಗೌಡರ ಬೀಗರ ಕಾರೇ ಇಲ್ಲಿ ಪಂಚರ್ ಆಗಿ, ಟೈರಿನಿಂದ ಮೊಳೆ ಹೊರಬಂದಿತ್ತು. ಇನ್ನೊಂದು ಮೊಳೆ ಸಿಕ್ಕ ದಿನ ಅವನ ತಗಡಿನ ಡಬ್ಬಿ ಅಂಗಡಿಯನ್ನು ಕೀಳಿಸುತ್ತೇನೆಂದು ಗೌಡರು ಹೇಳಿಬಿಟ್ಟಿದ್ದರು.

ಇದನ್ನೆಲ್ಲ ನನಗೆ ಹೇಳಿದವಳು ಪಕ್ಕದ ಚಹಾದಂಗಡಿಯ ಜೈತುನಬಿ. ಆಗ ಗೌಡರು ಅವಳದೇ ಬೆಂಚಿನ ಮೇಲೆ ಕುಳಿತು ಚಹಾವನ್ನು ಕಪ್ಪಿನಿಂದ ಬಸಿಗೆ ಸುರುವಿಕೊಳ್ಳುತ್ತಿದ್ದರು. ಅವಳು ದನಿಯನ್ನೇನೂ ತಗ್ಗಿಸಲಿಲ್ಲ.

"ಎಲ್ಲಿ ಇಳೀತು ಗಾಳಿ?" ಎಂದ ಶ್ರೀಶೈಲ, ಜಾಕ್ ಹಚ್ಚುತ್ತ.

"ಇಲ್ಲೇ ಅಣ್ಣಾ, ಆ ಜಾಲಿಗಿಡದ ಹತ್ರ."

"ಆಲಮೇಲ ಮುಟ್ಟೂತನಕ ತಡೀಬಾರದಿತ್ತೇನ ತಮ್ಮಾ, ನಿನ್ನ ಗಾಳಿ?"

ಬೈಗುಳದಿಂದ ಶುರುವಾಗುವ ದಿನ ನನಗೆ ಹೊಸದಲ್ಲ. ಅದಕ್ಕೇ ಸಂಬಳ ಕೊಡುತ್ತಾರೆ. "ಜಾಲಿಮುಳ್ಳ ಇರಬೇಕು ಬಿಡಣ್ಣಾ" ಎಂದೆ.

"ಹಂಗಾದ್ರ ನಿನ್ನ ಬಾಯಾಗ ಸಕ್ರಿ" ಎಂದಳು ಜೈತುನಬಿ. "ಚಹಾದಾಗೂ ಒಂದ ಚಮಚಿ ಜಾಸ್ತಿ ಹಾಕ್ತೇನಿ."

ಗೌಡರು ಬಸಿ ಕೆಳಗಿಟ್ಟರು. "ಏನಪಾ ಶ್ರೀಶೈಲ, ಇವತ್ತ ಗುಡಿಸೀಯೇನ?"

ಹೂಂ ಎಂದರೆ, ಗುಡಿಸಿದ ಮೇಲೆ ಮೊಳೆ ಎಲ್ಲಿಂದ ಬಂತು ಎನ್ನುತ್ತಾರೆ. ಇಲ್ಲ ಎಂದರೆ, ಯಾಕೆ ಬಿಟ್ಟೆ ಎನ್ನುತ್ತಾರೆ. ಶ್ರೀಶೈಲ ಗಾಲಿಯ ನಟ್ಟುಗಳನ್ನು ನೋಡುತ್ತಲೇ, "ಗುಡಿಸೇನ್ರಿ" ಎಂದ.

"ಹಂಗಾದ್ರ ಏನೂ ಸಿಗಬಾರದು."

"ಸಿಗಬಾರದ್ರಿ."

ಗಾಲಿ ಬಿಚ್ಚಿ ನೆಲಕ್ಕಿಳಿಸಿದ. ಕಬ್ಬಿನ ಗದ್ದೆಯ ಕೆಸರು ಮೆತ್ತಿದ್ದರಿಂದ ಏನು ನಟ್ಟಿದೆಯೋ ಮೇಲೆ ಕಾಣುತ್ತಿರಲಿಲ್ಲ. ಗಾಳಿ ತುಂಬಿಸಿ ಸಿಮೆಂಟಿನ ತೊಟ್ಟಿಯ ನೀರಿಗೆ ಇಳಿಸಿ ತಿರುಗಿಸತೊಡಗಿದ. ಅಷ್ಟು ನಿಧಾನವಾಗಿ ಟೈರು ತಿರುಗಿಸುವವರನ್ನು ನಾನು ನೋಡಿರಲಿಲ್ಲ. ತೂತು ಸಿಗದಿರಲಿ ಎಂದು ಹುಡುಕುತ್ತಿರುವಂತಿತ್ತು.

ನಾನು ಇನ್ನೊಂದು ಬದಿ ಹಿಡಿದುಕೊಂಡೆ. ಅವನು ಗೌಡರಿಗೆ ಕೇಳಿಸದಂತೆ ಹೇಳಿದ: "ಮುದ್ದೇಬಿಹಾಳ ಸ್ಟ್ಯಾಂಡಿನ ಹತ್ರ ನನ್ನ ಹೆಂಡ್ತಿಯ ತಮ್ಮ ಅಂಗಡಿಗೆ ಜಾಗಾ ನೋಡಿಟ್ಟಾನ. ಹೋಗಬೇಕಂತೇನಿ, ಆಗವಲ್ದು."

"ಯಾಕಣ್ಣಾ? ಹೋಗಿಬಿಡು."

"ನಾನಾಗೇ ಹ್ವಾದ್ರ ಕಳ್ಳ ಓಡಿ ಹ್ವಾದ ಅಂತಾರ. ಇವ್ರು ಹೊರಗ ಹಾಕಿದ್ರೂ ಅದ ಹೆಸರು. ಅದು ನನಗಿಂತ ಮೊದ್ಲ ಮುದ್ದೇಬಿಹಾಳ ಮುಟ್ಟತೈತಿ."

ಅಷ್ಟರಲ್ಲಿ ಗುಳ್ಳೆಗಳೆದ್ದವು. ಶ್ರೀಶೈಲ ಸೀಮೆಸುಣ್ಣದಿಂದ ಗುರುತು ಹಾಕಿದ. ಕೆಸರು ಒರೆಸಿ ಇಕ್ಕಳ ಹಚ್ಚಿ ಎಳೆದ. ಬಂದದ್ದು ಮುಳ್ಳಲ್ಲ. ತಲೆ ಸವೆದು ಚಪ್ಪಟೆಯಾದ, ಚೌಕ ಮೈಯ ಮೊಳೆ. ಬಚ್ಚಿಡಲು ಜಾಗವಿರಲಿಲ್ಲ. ಗೌಡರು ಆಗಲೇ ಅಂಗೈ ಚಾಚಿದ್ದರು. ಶ್ರೀಶೈಲ ಅದನ್ನು ಅಂಗೈಯಲ್ಲಿಟ್ಟ. ಜಾಲಿಮುಳ್ಳಿನ ಮಾತಾಡಿದ ನನಗೆ ಬಾಯೊಳಗಿನ ಸಕ್ಕರೆ ಕಹಿಯಾಯಿತು.

ಜೈತುನಬಿ ಕೆಟಲಿ ಹಿಡಿದೇ ಬಂದು ಬಗ್ಗಿ ನೋಡಿದಳು. "ಗೌಡ್ರ, ಇದು ಎತ್ತಿನ ನಾಲಿನ ಮೊಳಿ ಅಲ್ಲೇನ್ರಿ? ಇಂವ ಗುಡಿಸಿ ಒಳಗ ಬಂದ ಮ್ಯಾಲೆ ನಿಮ್ಮವ ಎರಡ ಕಬ್ಬಿನ ಗಾಡಿ ಹ್ವಾದೂವಲ್ರಿ."

ಗೌಡರು ಮೊಳೆಯನ್ನು ತಿರುಗಿಸಿ ನೋಡಿದರು. ಎತ್ತು ಕಟ್ಟಿದವರಿಗೆ ಗೊರಸಿಗೆ ಬಡಿಯುವ ನಾಲಿನ ಮೊಳೆಯ ಗುರುತು ಹೇಳಿಕೊಡಬೇಕಿಲ್ಲ. ಗಲ್ಲ ಕೆರೆದುಕೊಂಡರು, ರಸ್ತೆಯ ಆಚೆಗೊಮ್ಮೆ ನೋಡಿದರು. ಕೊನೆಗೆ, "ನಾಲಿನ ಮೊಳಿ ಮೊಳಿ ಲೆಕ್ಕದಾಗ ಬರೂದಿಲ್ಲ" ಎಂದರು. "ಅದು ದನದ್ದು." ಮೊಳೆ ಅಂಗಿಯ ಕಿಸೆಗೆ ಹೋಯಿತು.

"ಹಂಗಾದ್ರ ನಾನ್ರಿ?" ಎಂದ ಶ್ರೀಶೈಲ.

"ನಿನಗ ಯಾರು ಹೋಗಂದ್ರು? ಇರು. ನಾಳಿಂದ ಗಾಡಿ ಹ್ವಾದ ಮ್ಯಾಲೆ ಇನ್ನೊಮ್ಮಿ ಗುಡಿಸು. ನಮ್ಮ ಹೊಲದ ತಿರುವಿನ ತನಕ."

"ಆತ್ರಿ."

"ಅದರಕಿಂತ ನಾಲ ಬಡಿಯಾವನ್ನ ಕರಸೂದು ಸಲೀಸಲ್ಲೇನ್ರಿ" ಎಂದಳು ಜೈತುನಬಿ. ಆ ಮಾತಿಗೆ ಗೌಡರ ಕಿವಿ ಕಿವುಡಾಯಿತು. ಧೋತರ ಸರಿಪಡಿಸಿಕೊಂಡು ಹೊಲದ ಕಡೆ ನಡೆದರು.

ಶ್ರೀಶೈಲ ತೂತನ್ನು ಅರದಿಂದ ಉಜ್ಜಿದ. ರಬ್ಬರಿನ ಬತ್ತಿಗೆ ಸಲ್ಯೂಷನ್ ಸವರಿ ದಬ್ಬಣದಂಥ ಸೂಜಿಯಲ್ಲಿ ಒತ್ತಿ ಕೂರಿಸಿ, ಉಳಿದ ಬಾಲವನ್ನು ಕತ್ತರಿಸಿ, ಮತ್ತೆ ನೀರಿಗೆ ಹಿಡಿದ. ಒಂದು ಗುಳ್ಳೆಯೂ ಏಳಲಿಲ್ಲ. ಗಾಲಿ ಕೂರಿಸಿ ಪಾನಾದ ಮೇಲೆ ಕಾಲಿಟ್ಟು ನಟ್ಟು ಬಿಗಿಯತೊಡಗಿದ.

"ಉಳಕೊಂಡಿ ಬಿಡಣ್ಣಾ" ಎಂದೆ.

"ಹೂಂ."

"ಹೆಸರೂ ಉಳೀತು. ಇನ್ನ ಮುದ್ದೇಬಿಹಾಳಕ್ಕ ಹೋಗೂದಕ್ಕ ಏನ ಅಡ್ಡಿ?"

ಬಿಗಿದ ನಟ್ಟನ್ನೇ ಅವನು ಮತ್ತೊಮ್ಮೆ ಬಿಗಿದ. "ಈಗ ಹೆಂಗ ಹೋಗೂದು ತಮ್ಮಾ. ಗೌಡ್ರ ತಮ್ಮ ಬಾಯಿಲೆ ಇರು ಅಂದಾರ. ಈಗ ಹ್ವಾದ್ರ ಸೊಕ್ಕು ಅಂತಾರ."