ಅವರಿಲ್ಲದಿದ್ದರೆ ಯಾರು?

ಮೂವತ್ತೊಂದು ವರ್ಷ ಒಂದೇ ಕಿಟಕಿಯ ಪಕ್ಕ ನಿಂತು ಕೆಲಸ ಮಾಡಿದ ಮನುಷ್ಯ ಒಂದೇ ಒಂದು ಮಾತಿಗೆ ಕುಸಿದು ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮಾತು ಆಡಿದವಳಿಗೆ ತಾನು ಏನು ಆಡಿಬಿಟ್ಟೆ ಎಂಬುದು ಆ ಗಳಿಗೆಯಲ್ಲಿ ಗೊತ್ತೇ ಇರಲಿಲ್ಲ.

ನಮ್ಮದು ಗೋಡೆ ಬಣ್ಣ ತಯಾರಿಸುವ ಸಣ್ಣ ಕಾರ್ಖಾನೆ. ಒಟ್ಟು ಹನ್ನೊಂದು ಜನ. ನಾನು ಸ್ಟೋರ್ ನೋಡಿಕೊಳ್ಳುವವನು. ಗಿರಾಕಿಗಳು ಒಡೆದ ಟೈಲ್ಸ್ ಚೂರನ್ನೋ, ಕೋಟಿನ ಗುಂಡಿಯನ್ನೋ, ಗೋಡೆಯಿಂದ ಕೆರೆದ ಚಕ್ಕೆಯನ್ನೋ ತಂದು, ಇದೇ ಬಣ್ಣ ಬೇಕು ಎನ್ನುತ್ತಾರೆ. ಅದನ್ನು ಯಂತ್ರದ ಹಂಗಿಲ್ಲದೆ, ಬರೀ ಕಣ್ಣಳತೆಯಲ್ಲಿ ಕಲಸಿಕೊಡುತ್ತಿದ್ದವರು ಬಣ್ಣದ ಮೇಷ್ಟ್ರು. ಯಾರಿಗೂ ಒಂದಕ್ಷರ ಕಲಿಸಿದವರಲ್ಲ, ಆದರೂ ಮೇಷ್ಟ್ರು. ಕಲಸುವಾಗ ಹಿಂದೆ ಯಾರಾದರೂ ಸುಳಿದರೆ ಡಬ್ಬದ ಮೇಲೆ ಟವೆಲ್ ಹಾಕಿಬಿಡುತ್ತಿದ್ದರು. ರಜೆ ಹಾಕಿದ್ದು ತಮ್ಮ ಮದುವೆಗೆ ಒಂದು ದಿನ, ಮಗಳ ಮದುವೆಗೆ ಅರ್ಧ ದಿನ.

ಯಜಮಾನರ ಮಗಳು ಕಾರ್ಖಾನೆ ವಹಿಸಿಕೊಂಡ ವಾರವೇ ಗೋಡೆಗೆ ಒಂದು ಕಪ್ಪು ಹಲಗೆ ಬಂತು. ಅದರಲ್ಲಿ ಮೂರು ಕಾಲಂ. ಒಂದು ಕೆಲಸ, ಇನ್ನೊಂದು ಮಾಡುವವರು, ಮೂರನೆಯದರ ನೆತ್ತಿಯ ಮೇಲೆ ‘ಅವರಿಲ್ಲದಿದ್ದರೆ ಯಾರು?’ ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಬೇಕು. ಆಮೇಲೆ ಆರು ದಿನ ರಜೆ ಹಾಕಿ ಮನೆಯಲ್ಲಿರಬೇಕು, ಕಲಿತವರು ಕೆಲಸ ನಡೆಸಬೇಕು. ನನ್ನ ಬದಲಿಗೆ ವ್ಯಾನ್ ಡ್ರೈವರ್ ಬಂದ. ಪುಣ್ಯಾತ್ಮ ಮೂರೇ ದಿನದಲ್ಲಿ ಸ್ಟೋರನ್ನು ನನಗಿಂತ ಚೊಕ್ಕಟವಾಗಿ ಇಟ್ಟಿದ್ದ. ಹೊಟ್ಟೆಯೊಳಗೆ ಉರಿದರೂ ‘ಪರವಾಗಿಲ್ಲ’ ಎಂದೆ.

ಮೇಷ್ಟ್ರ ಎದುರಿನ ಮೂರನೇ ಕಾಲಂ ಮಾತ್ರ ಖಾಲಿ ಉಳಿಯಿತು.

“ಕಣ್ಣು ಕಲಿಸೋಕಾಗುತ್ತೇನಮ್ಮಾ?” ಎಂದು ಅವರು ಯಜಮಾನರ ಮಗಳನ್ನು ಕೇಳಿದರು.

“ನಾಳೆ ನಿಮಗೆ ಜ್ವರ ಬಂದ್ರೆ ನಾನು ಬಾಗಿಲು ಹಾಕ್ಕೊಂಡು ಹೋಗ್ಬೇಕಾ ಮೇಷ್ಟ್ರೇ?” ಎಂದಳು ಅವಳು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ನನ್ನ ಹತ್ತಿರ ದನಿ ತಗ್ಗಿಸಿದರು. “ಸ್ಟೋರಣ್ಣ, ಮೂರನೇ ಕಾಲಂ ತುಂಬಿದ ದಿನ ಎರಡನೇದನ್ನ ಒರೆಸ್ತಾರೆ, ಬರೆದಿಟ್ಕೋ. ಇನ್ನೊಬ್ರು ನನ್ನ ಕೆಲಸ ಮಾಡ್ತಾರೆ ಅಂತಾದ್ರೆ ನಾನ್ಯಾಕೆ ಬೇಕು?” ಆ ಮುಖದಲ್ಲಿ ಭಯ ಕಂಡದ್ದು ಅದೇ ಮೊದಲು.

ಮರುದಿನ ಅವರು ಒಂದು ಉಪಾಯ ಹೂಡಿದರು. ತಮ್ಮ ಬದಲಿಗೆ ಮುಚ್ಚಳದ ಅಕ್ಕನೇ ಇರಲಿ ಎಂದರು. ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಅಕ್ಕನ ಕೆಲಸವೆಂದರೆ ತುಂಬಿದ ಡಬ್ಬಕ್ಕೆ ಮುಚ್ಚಳ ಬಡಿದು, ಗುರುತಿಗೆ ಮುಚ್ಚಳದ ಮೇಲೆ ಹೆಬ್ಬೆರಳಲ್ಲಿ ಅದೇ ಬಣ್ಣದ ಒಂದು ಬೊಟ್ಟು ಇಟ್ಟು, ಗಿರಾಕಿ ತಂದ ಮಾದರಿಯನ್ನು ಜೊತೆಗೆ ಕಟ್ಟಿ ಕಳಿಸುವುದು. ಹಲಗೆಯ ಮೇಲೆ ಅವಳ ಕೆಲಸವನ್ನು ಬರೆದೇ ಇರಲಿಲ್ಲ. ಮೇಷ್ಟ್ರ ಲೆಕ್ಕಾಚಾರ ನನಗೆ ತಕ್ಷಣ ಹೊಳೆಯಿತು: ಅವಳು ಕೆಡಿಸಬೇಕು, ಇದು ಕಲಿಸಲಾಗದ ವಿದ್ಯೆ ಎಂದು ಸಾಬೀತಾಗಬೇಕು. ಕಾಟಾಚಾರಕ್ಕೆ ಒಂದು ಗಂಟೆ ಕಲಿಸಿ, ಬಂದಿದ್ದ ಕೆಲಸಗಳಲ್ಲೇ ಕಷ್ಟದ್ದನ್ನು ಆರಿಸಿ ಅವಳ ಕೈಗಿಟ್ಟು ಮನೆಗೆ ಹೋದರು. ಒಂದು ಆಸ್ಪತ್ರೆಯ ಹಳೇ ಗೋಡೆಯ ಬಿಳಿ, ನಲವತ್ತು ಡಬ್ಬ. ಎಂಥವರೂ ಮುಗ್ಗರಿಸುವುದು ಬಿಳಿಯಲ್ಲೇ. ಹಳದಿ ಒಂದು ಹನಿ ಹೆಚ್ಚಾದರೆ ಹಾಲಿನ ಕೆನೆ, ನೀಲಿ ಒಂದು ಹನಿ ಹೆಚ್ಚಾದರೆ ಬಟ್ಟೆ ಜಾಲಿಸಿದ ನೀರು.

ಅಕ್ಕ ಎರಡೇ ದಿನದಲ್ಲಿ ಕಲಸಿ ಮುಗಿಸಿದಳು. ಆಸ್ಪತ್ರೆಯ ಪೇಂಟರ್ ಒಂದು ಡಬ್ಬ ಒಯ್ದು, ಹಳೇ ಗೋಡೆಯ ಪಕ್ಕದಲ್ಲೇ ಬಳಿದು ಒಣಗಿಸಿ ನೋಡಿ, ಎಲ್ಲಿ ಹಳೇದು ಎಲ್ಲಿ ಹೊಸದು ಗೊತ್ತಾಗ್ತಿಲ್ಲ ಎಂದು ಫೋನ್ ಮಾಡಿದ.

ಮೂರನೇ ದಿನ ಬೆಳಿಗ್ಗೆ, ರಜೆ ಮುಗಿಯುವ ಮೊದಲೇ ಮೇಷ್ಟ್ರು ಹಾಜರ್. “ಮನೇಲಿ ಗಡಿಯಾರ ನೋಡಿ ನೋಡಿ ಸಾಕಾಯ್ತು” ಎನ್ನುತ್ತ ಒಂದು ಡಬ್ಬ ಬಿಚ್ಚಿ, ಬಣ್ಣವನ್ನು ಕಾಗದಕ್ಕೆ ಬಳಿದು, ಗೋಡೆಯ ಚಕ್ಕೆಯ ಜೊತೆ ಕಿಟಕಿಗೆ ಹಿಡಿದರು. ಮುಖ ಅರಳಿತು.

“ನಾನು ಹೇಳ್ಲಿಲ್ವಾ? ಹಳದಿ ಹೊಡೀತಿದೆ!”

ನಾವೆಲ್ಲ ಬಗ್ಗಿ ನೋಡಿದೆವು. ಎರಡೂ ಒಂದೇ ಬಿಳಿ. ಕೂದಲೆಳೆಯ ವ್ಯತ್ಯಾಸವೂ ಇಲ್ಲ.

ಅವರು ಅಂಗಿಯ ತೋಳು ಮಡಚಿ ಡಬ್ಬಕ್ಕೆ ನೀಲಿ ಬಿಡತೊಡಗಿದರು. ಒಂದು ಹನಿ, ಎರಡು, ಐದು. ಕೋಲಾಡಿಸಿದರು, ಮತ್ತೆ ಎರಡು ಬಿಟ್ಟರು. ಈ ಸಲ ಟವೆಲ್ ಮುಚ್ಚಲಿಲ್ಲ. ಎಲ್ಲರೂ ನೋಡಲಿ ಎಂದೇ ಮಾಡುತ್ತಿದ್ದರು. ಕಾಗದಕ್ಕೆ ಬಳಿದು ಎತ್ತಿ ಹಿಡಿದು, “ಈಗ ನೋಡಿ. ಇದು ಬಣ್ಣ!” ಎಂದರು.

ಕಾಗದದ ಮೇಲಿದ್ದದ್ದು ತಿಳಿನೀಲಿ. ಮಗುವನ್ನು ಕೇಳಿದರೂ ನೀಲಿ ಎನ್ನುತ್ತಿತ್ತು. ಯಜಮಾನರ ಮಗಳು ನನ್ನ ಕಡೆ ನೋಡಿದಳು, ನಾನು ನೆಲ ನೋಡಿದೆ.

ಅಕ್ಕ ಸಮಾಧಾನದ ದನಿಯಲ್ಲಿ ಹೇಳಿಬಿಟ್ಟಳು: “ಇರ್ಲಿ ಬಿಡಿ ಮೇಷ್ಟ್ರೇ, ಮುಚ್ಚಳ ಹಾಕೋವಾಗ ನಾನು ಸರಿ ಮಾಡ್ತೀನಿ. ಯಾವಾಗ್ಲೂ ಹಾಗೇ ಅಲ್ವಾ.”

“ಯಾವಾಗ್ಲೂ?” ಎಂದರು ಮೇಷ್ಟ್ರು.

ಅಕ್ಕ ಬಾಯಿಗೆ ಕೈ ಇಟ್ಟುಕೊಂಡಳು. ಆದರೆ ಆಡಿದ ಮಾತು ಆಡಿಯಾಗಿತ್ತು.

“ಎಷ್ಟು ದಿನದಿಂದ?”

“ಎರಡು ವರ್ಷ ಆಯ್ತು ಮೇಷ್ಟ್ರೇ. ಬೊಟ್ಟು ಇಡೋವಾಗ ಮಾದರಿ ಪಕ್ಕದಲ್ಲೇ ಇರುತ್ತಲ್ಲ, ಕಣ್ಣಿಗೆ ಹೊಡೀತಿತ್ತು. ಒಂಚೂರು ಹಳದಿ ಹಾಕ್ತಿದ್ದೆ, ಅಷ್ಟೇ.”

ಮೇಷ್ಟ್ರು ಖಾಲಿ ಡ್ರಮ್ಮಿನ ಮೇಲೆ ಕುಸಿದು ಕೂತರು. ನನಗೋ, ಹಳದಿಯ ಲೆಕ್ಕ ಆಗ ಸಿಕ್ಕಿತು. ಎರಡು ವರ್ಷದಿಂದ ಸ್ಟೋರಿನ ಹಳದಿ ಡಬ್ಬ ಬೇಗ ಬೇಗ ಖಾಲಿಯಾಗುತ್ತಿತ್ತು. ನೀನೇ ಚೆಲ್ಲಿರಬೇಕು ಎಂದು ಪ್ರತಿ ತಿಂಗಳೂ ಡ್ರೈವರನ ಜೀವ ತಿಂದವನು ನಾನು. ಅವನೂ ಈಗ ನನ್ನನ್ನೇ ನೋಡುತ್ತಿದ್ದ. ಅವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಮೇಷ್ಟ್ರು ಯಾರಿಗೂ ಹೇಳದೆ, ಊಟದ ಡಬ್ಬಿಯನ್ನೂ ಬಿಟ್ಟು ಹೊರಟುಹೋದರು. ಯಜಮಾನರ ಮಗಳು ಅಕ್ಕನ ಮೇಲೆ ರೇಗಿದಳು. “ಎರಡು ವರ್ಷ! ಒಂದು ಮಾತು ಹೇಳೋಕೇನಾಗಿತ್ತು?”

“ಕೇಳಿದ್ರೆ ಹೇಳ್ತಿದ್ದೆ ಮೇಡಂ. ಮುಚ್ಚಳ ಬಡಿಯೋಳನ್ನ ಬಣ್ಣದ ವಿಷಯ ಯಾರು ಕೇಳ್ತಾರೆ?”

ಅವಳು ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾಚಿಕೆ ನಮಗಾಯಿತು.

ಆ ಸಂಜೆಯೇ ಯಜಮಾನರ ಮಗಳು ಮೇಷ್ಟ್ರನ್ನು ಮನೆಯಿಂದ ಹೊರಡಿಸಿಕೊಂಡು ಕಣ್ಣಿನ ಡಾಕ್ಟರ ಬಳಿಗೆ ಹೋದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಒಣ ಎಲೆಯಷ್ಟು ಹಳದಿಯಾಗಿತ್ತಂತೆ. ಅದರ ಮೂಲಕ ನೋಡಿದರೆ ಬಿಳಿಯೂ ಹಳದಿ, ಬಿಟ್ಟ ನೀಲಿ ಕಾಣುವುದೇ ಇಲ್ಲವಂತೆ. ಒಂದಾದ ಮೇಲೊಂದು ಆಪರೇಷನ್ ಆಯಿತು. ಎರಡು ತಿಂಗಳು ಕಿಟಕಿಯ ಪಕ್ಕ ಅಕ್ಕ ನಿಂತಳು. ಹಲಗೆಯಲ್ಲಿ ಮೇಷ್ಟ್ರ ಸಾಲನ್ನು ಯಾರೂ ಮುಟ್ಟಲಿಲ್ಲ.

ಮೇಷ್ಟ್ರು ವಾಪಸ್ಸು ಬಂದ ದಿನ ಕಪ್ಪು ಕನ್ನಡಕ ತೆಗೆದು ನೇರ ಅಕ್ಕನ ಮುಂದೆ ನಿಂತರು. ಬೈಯುತ್ತಾರೇನೋ ಎಂದುಕೊಂಡೆ.

“ನಮ್ಮನೆ ಹಜಾರ ನೀಲಿ ಇದೆ ಕಣಮ್ಮಾ” ಎಂದರು. “ಹೋದ ವರ್ಷ ನನ್ನ ಕೈಯಾರೆ ಬಳಿದದ್ದು. ಬಂದವರಿಗೆಲ್ಲ ನೋಡಿ ಎಂಥಾ ಬಿಳಿ ಅಂತ ತೋರಿಸ್ತಿದ್ದೆ. ಮನೆಯವಳೂ ಹೇಳ್ಲಿಲ್ಲ, ಮಗಳೂ ಹೇಳ್ಲಿಲ್ಲ. ನನಗೆ ಬೇಜಾರಾಗುತ್ತೆ ಅಂತಂತೆ.” ಕನ್ನಡಕವನ್ನು ಜೇಬಿಗಿಟ್ಟರು. “ಇಲ್ಲಿನ ಗೋಡೆಗಳನ್ನೆಲ್ಲ ನೀನು ಕಾಪಾಡಿದೆ. ಅಲ್ಲಿ ನೀನಿರಲಿಲ್ಲ ನೋಡು.”

ಮೇಷ್ಟ್ರು ಹಲಗೆಯ ಹತ್ತಿರ ಹೋಗಿ ತಮ್ಮ ಸಾಲಿನ ಖಾಲಿ ಜಾಗದಲ್ಲಿ ‘ಅಕ್ಕ’ ಎಂದು ಬರೆದರು. ಎರಡನೇ ಕಾಲಂ ಒರೆಸಲು ಯಾರೂ ಬರಲಿಲ್ಲ. ಆಮೇಲೆ ಬಗ್ಗಿ, ಎಲ್ಲಕ್ಕಿಂತ ಕೆಳಗೆ ಹೊಸದೊಂದು ಸಾಲು ಬರೆದರು. ಕೆಲಸ: ಮುಚ್ಚಳ ಹಾಕುವುದು. ಮಾಡುವವರು: ಅಕ್ಕ. ಮೂರನೇ ಕಾಲಮ್ಮಿಗೆ ಬಂದಾಗ ಕೈ ನಿಂತಿತು. ತಿರುಗಿ ನಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು. ಮುಚ್ಚಳ ಬಡಿಯಲು ಯಾರಿಗಾದರೂ ಬರುತ್ತದೆ, ಬಡಿಯುವ ಮೊದಲು ಅವಳಂತೆ ನೋಡಿ ತಿದ್ದಲು ಬರಬೇಕಲ್ಲ. ನಾವು ಒಬ್ಬೊಬ್ಬರೂ ತಲೆ ತಗ್ಗಿಸಿದೆವು.

“ಅಯ್ಯೋ, ಹಾಗಾದ್ರೆ ನನಗೆ ರಜಾ ಇಲ್ವಾ?” ಎಂದಳು ಅಕ್ಕ.