ಕೆಂಚನ ಮೂಗೂ ಹುಚ್ಚಕ್ಕನ ಬೋಗುಣಿಯೂ

ಧರ್ಮಪುರದ ಸುತ್ತಮುತ್ತ ದನಕ್ಕೋ ನಾಯಿಗೋ ಮೂಗಿನಲ್ಲಿ ಜಿಗಣೆ ಹೊಕ್ಕರೆ ಜನ ಆಸ್ಪತ್ರೆಯ ದಾರಿ ಹಿಡಿಯುತ್ತಿರಲಿಲ್ಲ, ಹುಚ್ಚಕ್ಕನ ಹಟ್ಟಿಯ ದಾರಿ ಹಿಡಿಯುತ್ತಿದ್ದರು. ಗಡಿಯಾಚೆಯ ಆಂಧ್ರದಿಂದಲೂ ಬರುವವರಿದ್ದರು. ಅವಳ ವೈದ್ಯದ ಕ್ರಮ ಸರಳ. ಪ್ರಾಣಿಗೆ ಒಂದು ದಿನ ನೀರು ಕೊಡಬಾರದು. ಆಮೇಲೆ ಅಲ್ಯೂಮಿನಿಯಂ ಬೋಗುಣಿಯಲ್ಲಿ ತಣ್ಣೀರು ತುಂಬಿ ಮೂಗಿನ ಹತ್ತಿರ ಹಿಡಿಯಬೇಕು, ಕುಡಿಯಲು ಮಾತ್ರ ಬಿಡಬಾರದು. ನೀರಿನ ಆಸೆಗೆ ಜಿಗಣೆ ತಲೆ ಹೊರಗೆ ಹಾಕಿದ ಕೂಡಲೇ ಬೂದಿ ಮೆತ್ತಿದ ಬೆರಳಿನಿಂದ ಹಿಡಿದು ಎಳೆಯಬೇಕು. ಅರವತ್ತು ವರ್ಷದಲ್ಲಿ ಹೀಗೆ ಎಷ್ಟು ಎಳೆದಿದ್ದಾಳೋ ಅವಳಿಗೇ ನೆನಪಿಲ್ಲ. ಯಾರಲ್ಲೂ ಕಾಸು ಕೇಳಿದವಳಲ್ಲ. ಹೊಗಳಿಕೆ ಮಾತ್ರ ಬೇಕೇ ಬೇಕು, ಸುಳ್ಳು ಯಾಕೆ ಹೇಳಲಿ.

ಇಂಥವಳ ಸ್ವಂತ ನಾಯಿ ಕೆಂಚ ಹೋದ ಕಾರ್ತೀಕದಲ್ಲಿ, ಅಡವಿಯ ಹುಲ್ಲೆಲ್ಲ ಒಣಗಿ ನಿಂತಿದ್ದ ಹೊತ್ತಿನಲ್ಲಿ, ಒಂದು ಬೆಳಿಗ್ಗೆ ಸೀನತೊಡಗಿತು. ಸೀನೆಂದರೆ ಮೂತಿ ನೆಲಕ್ಕೆ ಬಡಿಯುವಂಥ ಸೀನು. ಮರುದಿನ ಬಲಗಡೆಯ ಹೊಳ್ಳೆಯಿಂದ ರಕ್ತ ಹನಿಯಿತು. ಕುರಿಮಂದೆಗೆ ಅದೇ ಕಾವಲು, ತೋಳದ ವಾಸನೆಯನ್ನು ದೂರದಿಂದಲೇ ಹಿಡಿಯುವ ಮೂಗು ಅದರದ್ದು. ಹುಚ್ಚಕ್ಕನಿಗಂತೂ ಏಳು ವರ್ಷದಿಂದ ಸೆರಗು ಬಿಡದ ಜೀವ.

ಗಂಡ ಜುಂಜಪ್ಪ ಮೆಲ್ಲಗೆ ಮಾತು ತೆಗೆದ. "ದುರ್ಗದಾಗೆ ನಾಯಿ ಮೂಗಿನೊಳಿಕ್ಕೆ ಕ್ಯಾಮೆರಾ ಬಿಟ್ಟು ನೋಡೋ ಡಾಕ್ಟ್ರಮ್ಮ ಒಬ್ರು ಅದಾರಂತೆ. ಹೋಗಾಣ ನಡಿ."

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಜಿಗಣೆ ಹೊಕ್ಕೈತೆ. ಊರ ನಾಯಿಗೆಲ್ಲ ತೆಗ್ದೋಳು ನನ್ ನಾಯಿಗೆ ತೆಗ್ಸಾಕೆ ದುರ್ಗಕ್ಕೋಗ್ಲಾ? ಜನ ನಕ್ಕಾರು."

ಜನ ನಗುತ್ತಾರೆ ಎಂಬುದೇ ನಿಜವಾದ ಕಾರಣ. ಅವಳು ಕೆಂಚನನ್ನು ಬೇವಿನ ಮರಕ್ಕೆ ಕಟ್ಟಿದಳು.

ಮರುದಿನ ಬೋಗುಣಿ ಹಿಡಿದಳು. ಜಿಗಣೆ ಬರಲಿಲ್ಲ. ಕೆಂಚ ನಾಲಿಗೆ ಚಾಚಿತು, ಅವಳು ಬೋಗುಣಿಯನ್ನು ಹಿಂದಕ್ಕೆಳೆದಳು. ಬಾಯಾರಿಕೆ ಸಾಲಲಿಲ್ಲ ಅಂದುಕೊಂಡು ಇನ್ನೂ ಒಂದು ದಿನ ಕಟ್ಟಿಹಾಕಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಎರಡನೆಯ ಬೆಳಿಗ್ಗೆ ಬೋಗುಣಿ ತಂದಾಗ ಕೆಂಚ ನೀರಿನ ಕಡೆ ನೋಡಲೇ ಇಲ್ಲ, ಅವಳ ಮುಖ ನೋಡಿತು. ಏಳಲು ಹೋದರೆ ಕಾಲು ನಡುಗುತ್ತಿದ್ದವು. ಜುಂಜಪ್ಪ ಹಗ್ಗ ಬಿಚ್ಚಿ, ನಾಯಿಯನ್ನು ಕಂಬಳಿಯಲ್ಲಿ ಸುತ್ತಿ, ಲಗೇಜ್ ಆಟೋ ಕರೆಸಿದ. "ನಿನ್ ಜಿಗಣೆ ನೀನೇ ಇಟ್ಕ. ನಾಯಿ ನಂದೂ ಹೌದು" ಅಂದ. ಅವಳೂ ಹತ್ತಿ ಕುಳಿತಳು.

ಚಿತ್ರದುರ್ಗದ ಡಾಕ್ಟರ್ ಅಂಜಲಿ ಕೆಂಚನ ಕುತ್ತಿಗೆಯ ಚರ್ಮವನ್ನು ಎತ್ತಿ ಬಿಟ್ಟರು. ಎತ್ತಿದ ಚರ್ಮ ಹಾಗೆಯೇ ನಿಂತಿತು.

"ನೀರು ಯಾವಾಗ ಕುಡೀತು ಅಜ್ಜಿ?"

"ಎಲ್ಡು ದಿನ ಆತು, ಡಾಕ್ಟ್ರಮ್ಮ."

"ಅದೇ ಬಿಟ್ಟುಬಿಡ್ತಾ?"

ಹುಚ್ಚಕ್ಕ ಗಂಡನ ಕಡೆ ನೋಡಿದಳು. ಅವನು ಗೋಡೆ ನೋಡುತ್ತಿದ್ದ. "ನಾನೇ ಕೊಡ್ಲಿಲ್ಲ" ಅಂದಳು.

ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಜಗಳವಾದರೂ ಆಡಬಹುದಿತ್ತು. ಡಾಕ್ಟರು ಬೈಯಲಿಲ್ಲ. "ಮೂಗಿನೊಳಗೆ ನೋಡಬೇಕಂದ್ರೆ ಮಂಪರು ಕೊಡ್ಬೇಕು. ಇಷ್ಟು ಒಣಗಿರೋ ಮೈ ಅದನ್ನ ತಡ್ಕಳಲ್ಲ. ಮೊದ್ಲು ಡ್ರಿಪ್ ಹಾಕಾಣ" ಅಂದರು. ಮಧ್ಯಾಹ್ನದವರೆಗೆ ಬಾಟಲಿಯ ನೀರು ಹನಿಹನಿಯಾಗಿ ಕೆಂಚನ ಕಾಲಿನ ನರಕ್ಕೆ ಇಳಿಯಿತು. ಹುಚ್ಚಕ್ಕ ಆ ಹನಿಗಳ ಮೇಲಿನ ಕಣ್ಣು ತೆಗೆಯಲಿಲ್ಲ. ನಾಯಿ ಸತ್ತರೆ ಕೊಂದವಳು ತಾನೇ ಎಂದು ಅವಳಿಗೆ ಗೊತ್ತಿತ್ತು.

ಕೊನೆಗೆ ಕೆಂಚ ಮಂಪರಿನಲ್ಲಿ ಮಲಗಿತು. ಪೆನ್ಸಿಲಿಗಿಂತ ಸಣ್ಣ ಕೊಳವೆ, ಅದರ ತುದಿಯಲ್ಲಿ ದೀಪ, ಕ್ಯಾಮೆರಾ. "ಬರ್ರಿ ಅಜ್ಜಿ, ನೀವೂ ನೋಡ್ರಿ" ಎಂದು ಡಾಕ್ಟರು ಪರದೆ ತೋರಿಸಿದರು. ಕೆಂಪು, ಒದ್ದೆ ಮಡಿಕೆಗಳು. ಹೆಪ್ಪುಗಟ್ಟಿದ ರಕ್ತ. ಹುಚ್ಚಕ್ಕ ಜಿಗಣೆಗಾಗಿ ಕಾದಳು. ಈಗಲೂ ಅವಳಿಗೆ ಅದೊಂದು ಆಸೆ. ಕೊಳವೆ ಇನ್ನಷ್ಟು ಒಳಗೆ ಹೋದಾಗ ಕಂದು ಬಣ್ಣದ ಚೂಪಾದ ಕಡ್ಡಿಯೊಂದು ಮಾಂಸಕ್ಕೆ ಚುಚ್ಚಿಕೊಂಡಿರುವುದು ಕಾಣಿಸಿತು.

"ಊಬು" ಅಂದಳು, ಡಾಕ್ಟರಿಗಿಂತ ಮೊದಲೇ.

ಒಣಹುಲ್ಲಿನ ಊಬು. ದಿನಾ ಸಂಜೆ ಕುರಿಗಳ ಉಣ್ಣೆಯಿಂದ, ತನ್ನ ಸೀರೆಯ ಅಂಚಿನಿಂದ ಕೂತು ಆರಿಸುವ ಅದೇ ಊಬು. ಸಣ್ಣ ಚಿಮ್ಮಟವೊಂದು ಹೋಗಿ ಅದನ್ನು ಕಚ್ಚಿತು, ಜಾರಿತು, ಮತ್ತೆ ಕಚ್ಚಿ ಎಳೆದು ತಂದಿತು.

"ಇದರ ಮುಳ್ಳು ಹಿಂದಕ್ಕೆ ತಿರುಗಿರ್ತವೆ. ಸೀನಿದಷ್ಟೂ ಒಳಗೇ ಹೋಗೋದು. ನೀರು ತೋರಿಸಿದ್ರೆ ಬರೋದಲ್ಲ" ಅಂದರು ಡಾಕ್ಟರು. "ಜಿಗಣೆ ಆಗಿದ್ರೆ ನಿಮ್ ಉಪಾಯ ತಪ್ಪಲ್ಲ ಅಜ್ಜಿ. ಒಳಗೇನೈತೆ ಅಂತ ನೋಡಿರ್ಬೇಕಷ್ಟೆ."

ಎರಡು ದಿನ ಕಳೆದು ಕೆಂಚ ಚೇತರಿಸಿಕೊಂಡಿತು. ಉಂಡಿತು, ಬೊಗಳಿತು, ಕುರಿಗಳ ತೊಟ್ಟಿಯಲ್ಲಿ ನೀರೂ ಕುಡಿಯಿತು. ಆದರೆ ಹುಚ್ಚಕ್ಕ ಬೋಗುಣಿ ತುಂಬಿಸಿ ಮುಂದಿಟ್ಟಾಗ ಬಾಲ ಮುದುರಿಕೊಂಡು ಜುಂಜಪ್ಪನ ಕಾಲ ಹಿಂದೆ ಸರಿಯಿತು.

"ತೊಟ್ಟಿಯಾಗೆ ಕುಡೀತೈತಲ್ಲ, ಬಿಡು" ಅಂದ ಜುಂಜಪ್ಪ.

ಬಿಡಲಿಲ್ಲ. ಮರುದಿನ ಬೆಳಿಗ್ಗೆಯೇ ಬೋಗುಣಿಯನ್ನು ಬೇವಿನ ಕೆಳಗಿಟ್ಟು ಎದುರಿಗೆ ಕೂತಳು. ಅದು ಕುಡಿಯುವವರೆಗೆ ತಾನೂ ಒಂದು ಹನಿ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು. ಬಿಸಿಲೇರಿತು. ಅವಳ ನಾಲಿಗೆ ಅಂಗುಳಕ್ಕೆ ಅಂಟಿತು. ಆ ಹೊತ್ತಿಗೆ ಸರಿಯಾಗಿ ಪಕ್ಕದ ಹಟ್ಟಿಯ ದೊಡ್ಡತಿಮ್ಮಪ್ಪ ತನ್ನ ನಾಯಿಯನ್ನು ಎಳೆದುಕೊಂಡು ಬಂದ. "ಮೂಗಿನಾಗೆ ರಕ್ತ ಬರ್ತೈತೆ ಅಕ್ಕ. ಜಿಗಣೆ ತೆಗಿ."

"ದುರ್ಗಕ್ಕೆ ಕರ್ಕಂಡೋಗಪ್ಪ, ಅಲ್ಲಿ ಒಳಗೆ ನೋಡಿ ಹೇಳ್ತಾರೆ" ಅಂದಳು ಹುಚ್ಚಕ್ಕ. "ನಾನು ನೋಡ್ದೆ ಕೆಂಚನ್ನ ಸುಮ್‌ಸುಮ್ನೆ ಎಲ್ಡು ದಿನ ಬಾಯಾರಿಸ್ದೆ. ಇದ್ದದ್ದು ಊಬು."

ದೊಡ್ಡತಿಮ್ಮಪ್ಪ ನಗಲಿಲ್ಲ. ನಕ್ಕಿದ್ದರೂ ಅವಳಿಗೆ ಕೇಳಿಸುತ್ತಿರಲಿಲ್ಲವೇನೋ.

ಹೊತ್ತು ಇಳಿಯುವಾಗ ಕೆಂಚ ಎದ್ದು ಬಂತು. ಬೋಗುಣಿಯನ್ನು ಮೂಸಿತು. ಅವಳ ಮುಖ ನೋಡಿತು, ಕೈ ನೋಡಿತು. ಹುಚ್ಚಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. ಕೆಂಚ ತಲೆ ಬಗ್ಗಿಸಿ ಲೊಚಲೊಚ ಕುಡಿಯಿತು.

ಅದು ಸಾಕೆಂದು ಬಿಟ್ಟ ನೀರನ್ನು ಹುಚ್ಚಕ್ಕ ಅದೇ ಬೋಗುಣಿಯಿಂದ ಎತ್ತಿ ಕುಡಿದಳು.